ಪದೇ ಪದೇ ಕೈಕೊಡುವ ವ್ಯಾನಿನಲ್ಲಿ ಸಲಾಲಾಕ್ಕೆ ಹೊರಡಬೇಡಿ

ಜೂನ್ 21ಕ್ಕೆ ಧೋಫಾರಿನಲ್ಲಿ ಖರೀಫ್ ಶುರು. ಸೆಪ್ಟೆಂಬರ್ 21ರವರೆಗೂ ಸಲಾಲಾದ ಬೆಟ್ಟಗಳ ಮೇಲೆ ಮಂಜು, ಜಿನುಗು ಮಳೆ, ಹಸಿರು. ಮಸ್ಕತ್ತಿನ ಬಿಸಿಲಲ್ಲಿ ಬೆಂದ ಉಡುಪಿ, ಕುಂದಾಪುರ, ಮಂಗಳೂರು, ಕಾಸರಗೋಡು ಕಡೆಯ ಮನೆಗಳವರಿಗೆ ಊರಿನ ಮಳೆಗಾಲ ತಪ್ಪಿಹೋದ ಬೇಸರವನ್ನು ಒಂದಿಷ್ಟು ಕಳೆಯುವ ಕಾಲ ಅದು. ಶಾಲೆಗೆ ರಜೆ ಸಿಕ್ಕಿದ್ದೇ ತಡ, ಏಳೆಂಟು ಸೀಟಿನ ವ್ಯಾನಿಗೆ ಮಕ್ಕಳನ್ನೂ ಊರಿನಿಂದ ಬಂದ ಅಜ್ಜ ಅಜ್ಜಿಯನ್ನೂ ಹತ್ತಿಸಿಕೊಂಡು, ಹಿಂದೆ ಚಿತ್ರಾನ್ನದ ಡಬ್ಬಿ, ನೀರಿನ ಕ್ಯಾನು ಇಟ್ಟುಕೊಂಡು ಸಾವಿರ ಕಿಲೋಮೀಟರಿನ ದಾರಿ ಹಿಡಿಯುತ್ತಾರೆ. ಹಾಗೆ ಹೊರಡಲಿರುವ ಪ್ರತಿ ಮನೆಯ ಯಜಮಾನನಿಗೂ ಯಜಮಾನಿಗೂ ನಮ್ಮದೊಂದು ಪ್ರಶ್ನೆ. ನಿಮ್ಮ ವ್ಯಾನು ಕಳೆದ ಕೆಲವು ತಿಂಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ಸೆಲ್ಫ್ ತೆಗೆದುಕೊಳ್ಳದೆ ನಿಂತಿದೆಯೇ? ಓಡುತ್ತಿದ್ದ ಹಾಗೆಯೇ ಆಫ್ ಆಗಿದೆಯೇ? ಆಗಿದ್ದರೆ ಅದರ ಕಾರಣ ಸಿಕ್ಕಿತೇ, ಇಲ್ಲ ಬರೀ ಪಾರ್ಟು ಬದಲಾಯಿತೇ?

ಕಾರಣ ಸಿಗದಿದ್ದರೆ ಆ ಗಾಡಿ ರಿಪೇರಿ ಆಗಿಲ್ಲ. ಅದು ಸದ್ಯಕ್ಕೆ ಓಡುತ್ತಿದೆ, ಅಷ್ಟೇ. ಈ ಎರಡರ ನಡುವಿನ ವ್ಯತ್ಯಾಸವನ್ನು ಮನೆಮನೆಯಲ್ಲೂ ಗಟ್ಟಿಯಾಗಿ ಹೇಳಬೇಕಾದ ಹೊತ್ತು ಬಂದಿದೆ. ವಿದ್ಯುತ್ ದೋಷ ಒಂದು ಸಲ ಬಂದರೆ ಆಕಸ್ಮಿಕ ಇರಬಹುದು. ಅದೇ ದೋಷ ಎರಡನೇ ಸಲ, ಮೂರನೇ ಸಲ ಬಂದರೆ ಗಾಡಿಯೇ ಮುನ್ಸೂಚನೆ ಕೊಡುತ್ತಿದೆ ಎಂದರ್ಥ. ಆ ಸೂಚನೆಯನ್ನು ನಾವು ಕಿರಿಕಿರಿ ಎಂದುಕೊಂಡು ಸುಮ್ಮನಾಗುತ್ತೇವೆ. ಬರೆದಿಡುವುದಿಲ್ಲ, ಯಾರಿಗೂ ದೂರು ಕೊಡುವುದಿಲ್ಲ. ಕೊನೆಗೆ ಗಾಡಿಯನ್ನು ಇನ್ನೊಂದು ಮನೆಗೆ ಮಾರುತ್ತೇವೆ.

ಇಂಥ ವ್ಯಾನಿನ ಕಥೆ ಒಮಾನಿನಲ್ಲಿ ಬಹುಮಟ್ಟಿಗೆ ಒಂದೇ ದಾರಿಯಲ್ಲಿ ನಡೆಯುತ್ತದೆ. ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಬಿಡುವಾಗ ಸಲೀಸಾಗಿ ಸ್ಟಾರ್ಟ್ ಆದ ಗಾಡಿ ಮಧ್ಯಾಹ್ನ ಕರೆತರಲು ಹೋದಾಗ ಟಕ್ ಟಕ್ ಎಂದು ನಿಲ್ಲುತ್ತದೆ. ಯಾರೋ ಪುಣ್ಯಾತ್ಮರು ಜಂಪ್ ಕೊಡುತ್ತಾರೆ. ಸಂಜೆ ಹೊಸ ಬ್ಯಾಟರಿ ಬೀಳುತ್ತದೆ. ಮೂರು ವಾರ ನೆಮ್ಮದಿ. ಆಮೇಲೆ ಮತ್ತದೇ. ಈ ಸಲ ಗ್ಯಾರೇಜುಗಳ ಕೈಗಾರಿಕಾ ವಲಯವಾದ ವಾದಿ ಕಬೀರ್ ಸನಾಯಿಯಕ್ಕೋ ಘಲಾಕ್ಕೋ ಮಬೇಲಾಕ್ಕೋ ಹೋದರೆ ಡೈನಮೋ ವೀಕು ಎನ್ನುತ್ತಾರೆ. ಅದೂ ಬದಲಾಗುತ್ತದೆ. ಮುಂದಿನ ಸಲ ಸೆಲ್ಫ್ ಮೋಟರು, ಅದರ ಮುಂದಿನ ಸಲ ಒಂದು ಕಾಯಿಲು, ನಾಲ್ಕಾರು ಪ್ಲಗ್ಗು. ಸ್ಕ್ಯಾನರ್ ಹಾಕಿ ಕೋಡು ನೋಡುತ್ತಾರೆ, ಕ್ಲಿಯರ್ ಮಾಡುತ್ತಾರೆ, ಲೈಟು ಆರುತ್ತದೆ. ಆ ಕೋಡು ಯಾವುದಿತ್ತು ಎಂದು ಬಿಲ್ಲಿನಲ್ಲಿ ಇರುವುದಿಲ್ಲ. ಎಷ್ಟೋ ಸಲ ಬಿಲ್ಲೇ ಇರುವುದಿಲ್ಲ. ಹೀಗೆ ದುಡ್ಡೂ ಹೋಯಿತು, ದೋಷದ ಜಾಡೂ ಅಳಿಸಿಹೋಯಿತು.

ಸನಾಯಿಯದ ಮೆಕ್ಯಾನಿಕ್‌ಗಳನ್ನು ದೂರಲು ಇದನ್ನು ಹೇಳುತ್ತಿಲ್ಲ. ತಗಡಿನ ಚಾವಣಿಯ ಕೆಳಗೆ, ಜುಲೈ ಸೆಕೆಯಲ್ಲಿ, ನಮ್ಮ ಹಳೆಯ ಗಾಡಿಗಳನ್ನು ಓಡುವ ಸ್ಥಿತಿಯಲ್ಲಿ ಇಟ್ಟಿರುವವರು ಅವರೇ. ಆದರೆ ಬಂದುಹೋಗುವ ವಿದ್ಯುತ್ ದೋಷವನ್ನು ಹಿಡಿಯಲು ಹೊತ್ತು ಬೇಕು. ಗಾಡಿ ಎರಡು ದಿನ ಅಲ್ಲೇ ನಿಲ್ಲಬೇಕು, ಮೀಟರು ಹಿಡಿದು ಒಂದೊಂದೇ ತಂತಿಯನ್ನು ಅಳೆಯಬೇಕು. ಅಷ್ಟು ಹೊತ್ತಿಗೆ ಕೂಲಿ ಕೊಡಲು ನಾವು ತಯಾರಿಲ್ಲ. ಪಾರ್ಟುಗಳಿಗೆ ದುಡ್ಡು ಕೊಡುತ್ತೇವೆ, ಪರೀಕ್ಷೆಗೆ ಕೊಡುವುದಿಲ್ಲ. ಸಂಜೆಯೊಳಗೆ ಗಾಡಿ ಬೇಕು ಎಂದು ಅವಸರಿಸುವವರೂ ನಾವೇ.

ಒಮಾನಿನ ಹವೆಯಲ್ಲಿ ಗಾಡಿಯ ವೈರಿಂಗಿಗೆ ಏನಾಗುತ್ತದೆ ಎಂಬುದನ್ನು ತಿಳಿದುಕೊಂಡರೆ ಈ ಹಟ ಸ್ವಲ್ಪ ಸಡಿಲಬಹುದು. ಮಸ್ಕತ್ತಿಗೆ ಹತ್ತಿರದ ಕರಾವಳಿ ಊರು ಕುರಯ್ಯಾತ್‌ನಲ್ಲಿ 2018ರ ಜೂನ್ 26ರಂದು ರಾತ್ರಿಯ ಉಷ್ಣಾಂಶವೂ 42.6 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಲಿಲ್ಲ. ಹಗಲು ಬಿಸಿಲಲ್ಲಿ ನಿಂತ ಗಾಡಿಯ ಬೋನೆಟ್ಟಿನ ಕೆಳಗಿನ ಬಿಸಿ ಇದಕ್ಕಿಂತ ಎಷ್ಟೋ ಹೆಚ್ಚು. ಸೀಸದ ಬ್ಯಾಟರಿಯ ಬಿಸಿ 10 ಡಿಗ್ರಿ ಏರಿದರೆ ಅದರ ಆಯುಷ್ಯ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಬ್ಯಾಟರಿ ತಜ್ಞರ ಹಳೆಯ ಲೆಕ್ಕ. ಊರಿನಲ್ಲಿ ನಾಲ್ಕೈದು ವರ್ಷ ಬರುವ ಬ್ಯಾಟರಿ ಇಲ್ಲಿ ಎರಡು ವರ್ಷಕ್ಕೆ ಸುಸ್ತಾದರೆ ಅದು ಸಹಜ. ಆದರೆ ಹೊಸ ಬ್ಯಾಟರಿ ತಿಂಗಳೊಳಗೆ ಬರಿದಾದರೆ ಅದು ಸಹಜವಲ್ಲ, ಕಾರಣ ಬೇರೆಲ್ಲೋ ಇದೆ.

ಎಲ್ಲಿ? ಹೆಚ್ಚಿನ ಸಲ ಯಾರೂ ನೋಡದ ಜಾಗದಲ್ಲಿ. ಬ್ಯಾಟರಿಯ ನೆಗೆಟಿವ್‌ನಿಂದ ಗಾಡಿಯ ಮೈಗೂ ಇಂಜಿನ್ನಿಗೂ ಹೋಗುವ ಅರ್ತ್ ಪಟ್ಟಿಯನ್ನು ತೆಗೆದುಕೊಳ್ಳಿ. ಅಲ್ ಖುವೈರ್, ಕುರುಮ್, ಸೀಬ್‌ನಂಥ ಕಡಲಂಚಿನ ಬಡಾವಣೆಗಳಲ್ಲಿ ಬೇಸಿಗೆಯ ರಾತ್ರಿ ಗಾಡಿಯ ಮೇಲೆ ನೀರು ಇಳಿಯುವಷ್ಟು ತೇವ, ತೇವದ ಜೊತೆ ಉಪ್ಪು. ಅರ್ತ್ ಪಟ್ಟಿ ಬಿಗಿದ ಬೋಲ್ಟಿನ ಕೆಳಗೆ ಹಸಿರು ಕಿಲುಬು ಕಟ್ಟುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಸರಿ ಇದ್ದ ಹಾಗೆಯೇ. ಆದರೆ ಸೆಲ್ಫ್ ಹೊಡೆಯುವ ಗಳಿಗೆಯಲ್ಲಿ ನೂರಕ್ಕೂ ಹೆಚ್ಚು ಆಂಪಿಯರ್ ಹರಿಯಬೇಕು, ಹರಿಯಲು ದಾರಿ ಇಲ್ಲ. ಇದನ್ನು ಪತ್ತೆ ಮಾಡಲು ದೊಡ್ಡ ಯಂತ್ರ ಬೇಡ. ಅಗ್ಗದ ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದನ್ನು ಇಂಜಿನ್ನಿನ ಬರಿಯ ಲೋಹಕ್ಕೆ ಮುಟ್ಟಿಸಿ ಸೆಲ್ಫ್ ಹೊಡೆಯಬೇಕು. ಅಲ್ಲಿ 0.2 ವೋಲ್ಟಿಗಿಂತ ಸ್ಪಷ್ಟವಾಗಿ ಹೆಚ್ಚು ತೋರಿಸಿದರೆ ಅರ್ತ್ ಸಂಶಯಾಸ್ಪದ. ಇಂಜಿನ್ ಓಡುವಾಗ ಬ್ಯಾಟರಿಯ ಎರಡು ತುದಿಗಳ ನಡುವೆ ಸುಮಾರು 13.8ರಿಂದ 14.5 ವೋಲ್ಟ್ ಇರಬೇಕು. ಗಾಡಿ ಆಫ್ ಮಾಡಿ, ಬೀಗ ಹಾಕಿ, ಅರ್ಧ ಗಂಟೆ ಬಿಟ್ಟು ನೋಡಿದಾಗಲೂ 50 ಮಿಲಿಆಂಪಿಯರಿಗಿಂತ ಹೆಚ್ಚು ಹರಿಯುತ್ತಿದ್ದರೆ ಯಾವುದೋ ಒಂದು ಉಪಕರಣ ರಾತ್ರಿಯೆಲ್ಲ ಬ್ಯಾಟರಿಯನ್ನು ಹೀರುತ್ತಿದೆ. ಈ ಮೂರು ಅಳತೆಗಳನ್ನು ಮಾಡದೆ ಬ್ಯಾಟರಿಯನ್ನಾಗಲಿ ಡೈನಮೋವನ್ನಾಗಲಿ ಬದಲಿಸಲು ಒಪ್ಪಬೇಡಿ.

ಇಗ್ನಿಷನ್ ಕಾಯಿಲಿನ ವಿಷಯ ಬೇರೆ. 12 ವೋಲ್ಟನ್ನು 20 ಸಾವಿರದಿಂದ 40 ಸಾವಿರ ವೋಲ್ಟಿಗೆ ಏರಿಸಿ ಪ್ಲಗ್ಗಿಗೆ ಕಿಡಿ ಕೊಡುವುದು ಅದರ ಕೆಲಸ. ಬಿಸಿಗೆ ಅದರೊಳಗಿನ ಹೊದಿಕೆ ಬಿರುಕು ಬಿಟ್ಟರೆ ಕಿಡಿ ತಪ್ಪುತ್ತದೆ, ಇಂಜಿನ್ ನಡುಗುತ್ತದೆ. ಆಗ ಚೆಕ್ ಇಂಜಿನ್ ದೀಪ ಬೆಳಗುವುದು ಬೇರೆ, ಮಿಣುಕುವುದು ಬೇರೆ. ಮಿಣುಕುತ್ತಿದ್ದರೆ ಉರಿಯದ ಪೆಟ್ರೋಲು ಸೈಲೆನ್ಸರಿನ ದಾರಿಯ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತಿದೆ ಎಂದರ್ಥ. ಗಾಡಿಯ ತಳದಲ್ಲಿರುವ ಆ ಡಬ್ಬಿ ಕೆಂಪಗೆ ಕಾಯಬಹುದು. ಮಿಣುಕುವ ದೀಪ ಇಟ್ಟುಕೊಂಡು ಇನ್ನು ನೂರು ಕಿಲೋಮೀಟರು ಓಡಿಸೋಣ ಎನ್ನುವುದು ಬೆಂಕಿಯ ಜೊತೆ ಸರಸ. ಇನ್ನೊಂದು, ಇಂಜಿನ್ ತಿರುಗುವುದನ್ನು ಗಮನಿಸುವ ಕ್ರ್ಯಾಂಕ್ ಸೆನ್ಸರು. ಕೆಡತೊಡಗಿದರೆ, ಇಂಜಿನ್ ಕಾದಾಗ ಅದು ಸಿಗ್ನಲ್ ಕೊಡುವುದನ್ನು ನಿಲ್ಲಿಸಿ, ತಣ್ಣಗಾದ ಮೇಲೆ ಮತ್ತೆ ಕೊಡಲಾರಂಭಿಸುತ್ತದೆ. ಓಡುತ್ತಿದ್ದ ಗಾಡಿ ಥಟ್ಟನೆ ಸತ್ತು, ಅರ್ಧ ಗಂಟೆ ನಿಂತರೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತದೆ. ಗ್ಯಾರೇಜಿಗೆ ಹೋದಾಗ ಎಲ್ಲ ಸರಿ. ‘ಏನೂ ಇಲ್ಲ ಸಾರ್, ಓಡಿಸಿ’ ಎಂಬ ಮಾತು ಹುಟ್ಟುವುದು ಇಲ್ಲಿ.

ಕುಟುಂಬದ ವ್ಯಾನಿಗೆ ತನ್ನದೇ ಆದ ಇನ್ನೊಂದು ಪಾಡಿದೆ. ಸರಿಯುವ ಬಾಗಿಲು. ಆ ಬಾಗಿಲಿಗೆ ಹೋಗುವ ತಂತಿಗಳ ಕಟ್ಟು ಪ್ರತಿ ಸಲ ತೆರೆದಾಗಲೂ ಮುಚ್ಚಿದಾಗಲೂ ಮಡಚಿ ಬಿಡಿಸಿಕೊಳ್ಳುತ್ತದೆ. ದಿನಕ್ಕೆ ಹತ್ತಾರು ಸಲ, ವರ್ಷಗಟ್ಟಲೆ. ಬಿಸಿಗೆ ಒಣಗಿದ ಹೊದಿಕೆ ಒಡೆದರೆ ಒಳಗಿನ ತಾಮ್ರ ಒಂದಕ್ಕೊಂದು ತಾಗುತ್ತದೆ. ಟೊಯೊಟಾ ಕಂಪನಿ 2016ರ ನವೆಂಬರ್‌ನಲ್ಲಿ 2011ರಿಂದ 2016ರ ಮಾದರಿಯ ಸಿಯೆನಾ ವ್ಯಾನುಗಳನ್ನು, ಜಗತ್ತಿನಾದ್ಯಂತ ಸುಮಾರು 8.34 ಲಕ್ಷ, ರೀಕಾಲ್ ಮಾಡಿದ್ದು ಸರಿಯುವ ಬಾಗಿಲಿನ ಮೋಟರು ಸರ್ಕ್ಯೂಟಿನ ದೋಷಕ್ಕಾಗಿ. ಬಾಗಿಲು ಸಿಕ್ಕಿಕೊಂಡು ಫ್ಯೂಸು ಹೋದರೆ ಓಡುವಾಗಲೇ ಅದು ತೆರೆದುಕೊಳ್ಳುವ ಅಪಾಯವಿತ್ತು. ಇದಕ್ಕೆ ನಮ್ಮ ಕೈಯಾರೆ ಸೇರಿಸಿದವು ಬೇರೆ: ಹಿಂದಿನ ಸೀಟಿನ ಮಕ್ಕಳಿಗೆ ಸ್ಕ್ರೀನು, ಡ್ಯಾಶ್ ಕ್ಯಾಮರಾ, ರಿವರ್ಸ್ ಕ್ಯಾಮರಾ, ಹೆಚ್ಚುವರಿ ಲೈಟು. ಇವಕ್ಕೆ ಇದ್ದ ತಂತಿಯನ್ನೇ ಸುಲಿದು ಟೇಪು ಸುತ್ತಿ ಜೋಡಿಸಿದ ಕಡೆ ಬಿಸಿಗೆ ಟೇಪಿನ ಅಂಟು ಕರಗುತ್ತದೆ. ಫ್ಯೂಸು ಪದೇ ಪದೇ ಹೋಗುತ್ತದೆಂದು 10 ಆಂಪಿಯರಿನ ಜಾಗಕ್ಕೆ 20ರದ್ದು ಹಾಕಿಸಿಕೊಂಡವರಿದ್ದಾರೆ. ಫ್ಯೂಸು ಹೋಗದಂತೆ ಮಾಡಿದ್ದೇನೋ ಹೌದು, ಇನ್ನು ಉರಿಯುವುದು ತಂತಿ. ಕಾಸರಗೋಡಿನ ಪಕ್ಕದ ಕಣ್ಣೂರಿನಲ್ಲಿ 2023ರ ಫೆಬ್ರುವರಿ 2ರಂದು ಹೆರಿಗೆಗಾಗಿ ಆಸ್ಪತ್ರೆಗೆ ಹೊರಟಿದ್ದ ದಂಪತಿ, ಆಸ್ಪತ್ರೆಯ ಸಮೀಪದಲ್ಲೇ ಹೊತ್ತಿಕೊಂಡ ಕಾರಿನಲ್ಲಿ ಸತ್ತದ್ದು ಮರೆಯುವಂಥದ್ದಲ್ಲ. ಶಾರ್ಟ್ ಸರ್ಕ್ಯೂಟ್ ಕಾರಣವಿರಬಹುದೆಂದು ಅಧಿಕಾರಿಗಳು ಮೊದಲ ಪರಿಶೀಲನೆಯಲ್ಲೇ ಹೇಳಿದ್ದರು. ಮುಂದಿನ ಸೀಟಿನಲ್ಲಿದ್ದ ಆ ಇಬ್ಬರಿಗೂ ಹೊರಬರಲಾಗಲಿಲ್ಲ, ಹಿಂದಿದ್ದವರು ಪಾರಾದರು.

ಇಷ್ಟೆಲ್ಲ ಓದಿಯೂ ‘ಸ್ಟಾರ್ಟಿಂಗ್ ಪ್ರಾಬ್ಲಂ ತಾನೇ, ಜೀವ ಹೋಗುವ ವಿಷಯವೇನಲ್ಲ’ ಎನ್ನುವವರಿಗೆ ಅಮೆರಿಕದ ಒಂದು ಪ್ರಕರಣ ಹೇಳಬೇಕು. ಜನರಲ್ ಮೋಟರ್ಸ್ ಕಂಪನಿಯ ಷೆವ್ರೊಲೆ ಕೋಬಾಲ್ಟ್ ಮುಂತಾದ ಕಾರುಗಳ ಇಗ್ನಿಷನ್ ಸ್ವಿಚ್ಚಿನೊಳಗೆ ಚಾವಿಯನ್ನು ‘ಆನ್’ ಜಾಗದಲ್ಲಿ ಹಿಡಿದಿಡಬೇಕಾದ ಬಿಗಿ ಕಡಿಮೆ ಇತ್ತು. ಚಾವಿಗೊಂಚಲು ಭಾರವಿದ್ದರೆ, ಮೊಣಕಾಲು ತಗುಲಿದರೆ, ಗುಂಡಿಗೆ ಚಕ್ರ ಬಿದ್ದರೆ ಚಾವಿ ತಾನೇ ಹಿಂದಕ್ಕೆ ತಿರುಗಿ ಇಂಜಿನ್ ಆಫ್ ಆಗುತ್ತಿತ್ತು. ಒಂದು ಡಾಲರಿಗೂ ಕಡಿಮೆ ಬೆಲೆಯ ಪಾರ್ಟು ಅದು. ಕಂಪನಿಯ ಒಳಗೆ ಇದು 2000ದ ದಶಕದ ಆರಂಭದಿಂದಲೇ ಗೊತ್ತಿತ್ತು. ಆದರೆ ಓಡುವಾಗ ಗಾಡಿ ಆಫ್ ಆಗುವುದನ್ನು ಅವರು ಗ್ರಾಹಕರ ಅನುಕೂಲಕ್ಕೆ ಸಂಬಂಧಿಸಿದ ಸಮಸ್ಯೆ ಎಂದು ಗುರುತು ಹಾಕಿಕೊಂಡರು, ಸುರಕ್ಷತೆಯ ಸಮಸ್ಯೆ ಎಂದಲ್ಲ. ಚಾವಿ ಹಿಂದೆ ಸರಿದರೆ ಏರ್‌ಬ್ಯಾಗಿಗೂ ಕರೆಂಟು ನಿಲ್ಲುತ್ತದೆ ಎಂಬ ಸಂಬಂಧ ಅವರ ತಲೆಗೆ ಹೊಳೆಯಲು ವರ್ಷಗಳು ಹಿಡಿದವು. 2006ರ ಸುಮಾರಿಗೆ ಪಾರ್ಟಿನ ವಿನ್ಯಾಸ ಬದಲಿಸಿದಾಗ ಪಾರ್ಟ್ ನಂಬರನ್ನು ಹಾಗೆಯೇ ಬಿಟ್ಟರು. ಹೀಗಾಗಿ ಹಳೆಯದು ಯಾವುದು, ಹೊಸದು ಯಾವುದು ಎಂದು ತನಿಖೆ ಮಾಡುವವರಿಗೂ ಗೊತ್ತಾಗಲಿಲ್ಲ. ರೀಕಾಲ್ ಆರಂಭವಾದದ್ದು 2014ರ ಫೆಬ್ರುವರಿಯಲ್ಲಿ, ಒಟ್ಟು ಸುಮಾರು 26 ಲಕ್ಷ ಕಾರು. ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳು 124. 2015ರಲ್ಲಿ ಕಂಪನಿ 90 ಕೋಟಿ ಡಾಲರ್ ದಂಡ ತೆರಲು ಒಪ್ಪಿತು.

ವ್ಯಾನುಗಳೂ ಇದರಿಂದ ಹೊರತಾಗಿರಲಿಲ್ಲ. ಕ್ರೈಸ್ಲರ್ ಕಂಪನಿಯ ಟೌನ್ ಅಂಡ್ ಕಂಟ್ರಿ, ಡಾಡ್ಜ್ ಗ್ರ್ಯಾಂಡ್ ಕ್ಯಾರವಾನ್ ವ್ಯಾನುಗಳಲ್ಲೂ ಓಡುವಾಗ ಚಾವಿ ಹಿಂದೆ ಸರಿಯುವ ದೋಷ ಕಂಡಿತ್ತು. 2011ರಲ್ಲಿ ಒಂದಿಷ್ಟು ಗಾಡಿಗಳನ್ನು ಹಿಂದಕ್ಕೆ ಕರೆದು, 2014ರಲ್ಲಿ ಆ ಪಟ್ಟಿಯನ್ನು ಸುಮಾರು 7 ಲಕ್ಷಕ್ಕೆ ವಿಸ್ತರಿಸಬೇಕಾಯಿತು. ಅದೇ ಮನೆತನದ ಹೊಸ ವ್ಯಾನು ಪೆಸಿಫಿಕಾ ಓಡುತ್ತಲೇ ಆಫ್ ಆಗುತ್ತಿದೆ ಎಂದು 2017ರಲ್ಲಿ ಐವತ್ತಕ್ಕೂ ಹೆಚ್ಚು ಮಾಲೀಕರು ದೂರು ಬರೆದಿದ್ದರು. ಅಲ್ಲಿನ ವಾಹನ ಸುರಕ್ಷತಾ ಸಂಸ್ಥೆ ಸೆಂಟರ್ ಫಾರ್ ಆಟೋ ಸೇಫ್ಟಿ ಆ ದೂರುಗಳನ್ನು ಒಟ್ಟು ಮಾಡಿ ಸರ್ಕಾರಕ್ಕೆ ಅರ್ಜಿ ಕೊಟ್ಟಿತು. ಎರಡೇ ತಿಂಗಳಲ್ಲಿ, 2018ರ ಜನವರಿಯಲ್ಲಿ, ಒಂದೂವರೆ ಲಕ್ಷಕ್ಕೂ ಹೆಚ್ಚು ವ್ಯಾನುಗಳ ರೀಕಾಲ್ ಬಂತು. ಐವತ್ತು ಚಿಲ್ಲರೆ ಮಂದಿಯ ಲಿಖಿತ ದೂರು ಇಷ್ಟು ಕೆಲಸ ಮಾಡುತ್ತದೆ ಎಂಬುದನ್ನು ಮಸ್ಕತ್ತಿನ ನಮ್ಮ ಜನ ಮನಸ್ಸಿಗೆ ತಂದುಕೊಳ್ಳಬೇಕು. ಐವತ್ತು ಜನ ಗ್ಯಾರೇಜಿನ ಬಾಗಿಲಲ್ಲಿ ನಿಂತು ಗೊಣಗಿದ್ದರೆ ಏನೂ ಆಗುತ್ತಿರಲಿಲ್ಲ.

ಈಗ ಸಲಾಲಾದ ದಾರಿಗೆ ಬರೋಣ. ನಿಝ್ವಾ, ಆದಂ ದಾಟಿದ ಮೇಲೆ ಹೈಮಾ ಮಾರ್ಗವಾಗಿ ಥುಮ್ರೈತ್‌ವರೆಗೆ ಸುಮಾರು 700 ಕಿಲೋಮೀಟರು ಬರೀ ಬಯಲು. ಮರವಿಲ್ಲ, ನೆರಳಿಲ್ಲ. ಪೆಟ್ರೋಲ್ ಬಂಕುಗಳ ನಡುವೆ ದೀರ್ಘ ಅಂತರ. ಈ ರಸ್ತೆ ಎಷ್ಟೋ ಮನೆಗಳ ದೀಪ ಆರಿಸಿದೆ. ಇಲ್ಲಿ 120ರ ವೇಗದಲ್ಲಿ ಇಂಜಿನ್ ಆಫ್ ಆದರೆ ಸ್ಟೀರಿಂಗ್ ಕಲ್ಲಿನಷ್ಟು ಬಿಗಿಯಾಗುತ್ತದೆ. ಬ್ರೇಕಿಗೆ ಎರಡು ಮೂರು ಸಲ ತುಳಿಯುವಷ್ಟು ಮಾತ್ರ ಸಹಾಯ ಉಳಿದಿರುತ್ತದೆ. ಗಾಬರಿಯಲ್ಲಿ ಮೇಲಿಂದ ಮೇಲೆ ತುಳಿದರೆ ಅದೂ ಮುಗಿಯಿತು. ಒಂದೇ ಸಲ ಒತ್ತಿ ಹಿಡಿದು, ಗಾಡಿಯನ್ನು ನೇರ ಇಟ್ಟುಕೊಂಡು ರಸ್ತೆಯಂಚಿಗೆ ತರಬೇಕು. ಹಿಂದೆ ಬರುವ ಲಾರಿಗೆ ಕಾಣುವಂತೆ ಹಜಾರ್ಡ್ ಲೈಟು ಹಾಕೋಣವೆಂದರೆ, ದೋಷ ಮುಖ್ಯ ಸಂಪರ್ಕದಲ್ಲೇ ಇದ್ದಾಗ ಅದೂ ಬೆಳಗಲಾರದು.

ಗಾಡಿ ನಿಂತಿತು ಎಂದುಕೊಳ್ಳಿ. ಎಸಿ ಇಲ್ಲ. ಕಿಟಕಿ ಪವರ್ ವಿಂಡೋ, ಇಳಿಯುವುದಿಲ್ಲ. ಹೊರಗೆ 45 ಡಿಗ್ರಿ. ಮುಚ್ಚಿದ ಗಾಡಿಯೊಳಗೆ ಬಿಸಿ ನಿಮಿಷಗಳಲ್ಲಿ ಏರುತ್ತದೆ, ಮಕ್ಕಳ ಮೈ ದೊಡ್ಡವರ ಮೈಗಿಂತ ಮೂರರಿಂದ ಐದು ಪಟ್ಟು ಬೇಗ ಕಾಯುತ್ತದೆ. ಆ ಹೊತ್ತಿಗೆ ಸರಿಯುವ ಬಾಗಿಲನ್ನು ಕೈಯಿಂದ ತೆರೆಯುವ ಹಿಡಿಕೆ ಎಲ್ಲಿದೆ, ಎಷ್ಟು ಬಲ ಹಾಕಬೇಕು, ಚೈಲ್ಡ್ ಲಾಕ್ ಹಾಕಿದೆಯೇ ಎಂಬುದು ಹಿಂದಿನ ಸೀಟಿನ ಅಜ್ಜನಿಗೂ ಗೊತ್ತಿರಬೇಕು. ಇದನ್ನು ಮನೆಯ ಮುಂದೆ, ಇಂಜಿನ್ ಆಫ್ ಮಾಡಿ, ಎಲ್ಲರ ಕೈಯಲ್ಲೂ ಮಾಡಿಸಿ ನೋಡಿ. ಥುಮ್ರೈತ್ ದಾಟಿ ಸಲಾಲಾದ ಕಡೆಗೆ ಬೆಟ್ಟ ಇಳಿಯುವಾಗ ಅಪಾಯ ಇನ್ನೊಂದು ಬಗೆಯದು. ಯಾವ ಮಂಜು ನೋಡಲು ಹೊರಟೆವೋ ಅದೇ ಮಂಜು ರಸ್ತೆಯನ್ನು ಮುಚ್ಚಿರುತ್ತದೆ. ಮುಂದಿನ ಗಾಡಿಯ ಕೆಂಪು ದೀಪವೇ ದಾರಿ. ಅಲ್ಲಿ ಹಿಂದಿನ ದೀಪ ಆರಿದ ವ್ಯಾನು ರಸ್ತೆಯಲ್ಲಿ ನಿಂತರೆ ಹಿಂದಿನವರಿಗೆ ಅದು ಕಾಣುವುದೇ ಇಲ್ಲ.

ಈ ವ್ಯಾನುಗಳು ನಮಗೆ ಎಲ್ಲಿಂದ ಬಂದವು ಎಂಬುದನ್ನೂ ಕೇಳಿಕೊಳ್ಳಬೇಕು. ಶೋರೂಮಿನಿಂದ ಹೊಸದಾಗಿ ತಂದವು ಕಡಿಮೆ. ಹೆಚ್ಚಿನವು ಎರಡನೇ ಕೈಯವು, ಮೂರನೇ ಕೈಯವು. ಶಾಲಾ ವರ್ಷ ಮುಗಿಯುವ ಮಾರ್ಚ್ ಹೊತ್ತಿಗೆ ‘ಊರಿಗೆ ಹೋಗುತ್ತಿರುವುದರಿಂದ ಮಾರಾಟಕ್ಕಿದೆ, ಫ್ಯಾಮಿಲಿ ಯೂಸ್ಡ್’ ಎಂಬ ಸಂದೇಶಗಳು ಮೊಬೈಲಿಗೆ ಬರತೊಡಗುತ್ತವೆ. ನಮ್ಮೂರಿನವರ ಗಾಡಿ, ನಂಬಿಕೆಯ ಮೇಲೆ ಕೊಳ್ಳುತ್ತೇವೆ. ಮಾರುವವರು ಎಸಿ ಚೆನ್ನಾಗಿದೆ, ಟಯರು ಹೊಸದು ಎನ್ನುತ್ತಾರೆ. ಸುಡುಬಿಸಿಲಲ್ಲಿ ಮೂರು ಸಲ ನಿಂತಿತ್ತು ಎಂಬುದನ್ನು ಹೇಳುವವರು ಅಪರೂಪ. ಒಂದೇ ಸಂಘದ ಯುಗಾದಿ ಊಟದಲ್ಲಿ ಪಕ್ಕಪಕ್ಕದಲ್ಲಿ ಕೂರುವವರು ಒಬ್ಬರಿಗೊಬ್ಬರು ಹೀಗೆ ಮಾಡಬಾರದು. ಮುಚ್ಚಿಟ್ಟ ದೋಷದ ಮೇಲೆ ನಾಳೆ ಕೂರುವವರು ನಮಗೆ ಗೊತ್ತಿರುವ ಮಕ್ಕಳು.

ಇನ್ನೊಂದು ದಾರಿಯಲ್ಲಿ ಬರುವವು ಅಮೆರಿಕದಿಂದ ಹಡಗೇರಿ ಬಂದ ಹಳೆಯ ಗಾಡಿಗಳು. ಅಪಘಾತವಾದವು, ಪ್ರವಾಹದಲ್ಲಿ ಮುಳುಗಿದವು ಅಲ್ಲಿ ಹರಾಜಾಗಿ, ಕೊಲ್ಲಿಯ ಬಂದರುಗಳಲ್ಲಿ ಇಳಿದು, ಬಣ್ಣ ಬಳಿಸಿಕೊಂಡು ಬೀದಿಗೆ ಬರುವುದುಂಟು. ಕೊಲ್ಲಿ ದೇಶಗಳಿಗೆಂದೇ ತಯಾರಾದ ಜಿಸಿಸಿ ಸ್ಪೆಕ್ ಗಾಡಿಗಿರುವ ದೊಡ್ಡ ರೇಡಿಯೇಟರು, ಹೆಚ್ಚು ಬಲದ ಎಸಿ ಇವಕ್ಕಿರುವುದಿಲ್ಲ. ಮುಳುಗಿದ ಗಾಡಿಗೆ ಬಹಳ ದೂರ ಹೋಗಬೇಕಾಗಿಯೂ ಇಲ್ಲ. 2007ರ ಜೂನ್‌ನ ಗೋನು ಚಂಡಮಾರುತ ಮಸ್ಕತ್ತನ್ನು ಮುಳುಗಿಸಿತ್ತು. 2021ರ ಅಕ್ಟೋಬರ್ 3ರಂದು ಶಾಹೀನ್ ಬಾತಿನಾ ಕರಾವಳಿಯ ಸುವೈಕ್, ಖಾಬೂರಾಗಳಲ್ಲಿ ಮನೆ ಗಾಡಿ ಎನ್ನದೆ ನೀರು ನುಗ್ಗಿಸಿತು. 2024ರ ಏಪ್ರಿಲ್ ನಡುವಿನ ಮಳೆ ಒಮಾನಿನಲ್ಲಿ ಮಕ್ಕಳ ಜೀವವನ್ನೇ ಒಯ್ದಿತು, ಪಕ್ಕದ ದುಬೈಯಲ್ಲಿ ಲೆಕ್ಕವಿಲ್ಲದಷ್ಟು ಕಾರುಗಳು ನೀರಿನಲ್ಲಿ ನಿಂತವು. ನೀರು ಕುಡಿದ ವೈರಿಂಗು ಮರುದಿನ ಕೆಡುವುದಿಲ್ಲ. ಕನೆಕ್ಟರಿನ ಒಳಗೆ ಕಿಲುಬು ಹಬ್ಬಲು ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಬೇಕು. ಅಷ್ಟರಲ್ಲಿ ಗಾಡಿ ಕೈ ಬದಲಾಗಿರುತ್ತದೆ.

ಕೊಳ್ಳುವ ಮುನ್ನ ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ತುದಿಯಲ್ಲಿ ಕೆಸರಿನ ಕಲೆ ಇದೆಯೇ ನೋಡಿ. ಕಾರ್ಪೆಟ್ ಎತ್ತಿ ಅದರ ಕೆಳಗಿನ ಬೋಲ್ಟುಗಳಿಗೆ ತುಕ್ಕು ಹಿಡಿದಿದೆಯೇ ನೋಡಿ. ಗಾಡಿಯ ನೋಂದಣಿ ಪತ್ರವಾದ ಮುಲ್ಕಿಯಾದಲ್ಲಿರುವ 17 ಅಕ್ಷರಗಳ ಚಾಸಿಸ್ ನಂಬರಿನ ಮೊದಲ ಅಕ್ಷರ ನೋಡಿ: 1, 4 ಅಥವಾ 5 ಇದ್ದರೆ ಗಾಡಿ ಅಮೆರಿಕದಲ್ಲಿ ತಯಾರಾದದ್ದು, ಜೆ ಇದ್ದರೆ ಜಪಾನ್, ಕೆ ಇದ್ದರೆ ಕೊರಿಯಾ. ಅಮೆರಿಕದ ಗಾಡಿಯಾದರೆ ಅಲ್ಲಿನ ಹೆದ್ದಾರಿ ಸುರಕ್ಷತಾ ಇಲಾಖೆಯ ತಾಣದಲ್ಲಿ ಆ ನಂಬರು ಹಾಕಿ, ಬಾಕಿ ಉಳಿದ ರೀಕಾಲ್ ಇದೆಯೇ ಎಂದು ಉಚಿತವಾಗಿ ತಿಳಿಯಬಹುದು. ಈ ಗಾಡಿಗಳ ಮಾಲೀಕರಿಗೆ ರೀಕಾಲ್ ಪತ್ರ ಬರುವುದಿಲ್ಲ, ಯಾಕೆಂದರೆ ಅದು ಹೋಗುವುದು ಅಮೆರಿಕದಲ್ಲಿ ನೋಂದಾಯಿತನಾದ ಮಾಲೀಕನ ವಿಳಾಸಕ್ಕೆ. ಕೊರಿಯಾದ ಹ್ಯುಂಡೈ, ಕಿಯಾ ಕಂಪನಿಗಳು 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಸುಮಾರು 34 ಲಕ್ಷ ಹಳೆಯ ಗಾಡಿಗಳನ್ನು ಬ್ರೇಕ್ ನಿಯಂತ್ರಣ ಪೆಟ್ಟಿಗೆಯಲ್ಲಿ ಶಾರ್ಟ್ ಆಗಿ ಬೆಂಕಿ ಹೊತ್ತಬಹುದೆಂದು ಹಿಂದಕ್ಕೆ ಕರೆದವು. ಸರಿಪಡಿಸುವವರೆಗೆ ಮನೆಯಿಂದ ದೂರ, ಬಯಲಲ್ಲಿ ನಿಲ್ಲಿಸಿ ಎಂದು ಹೇಳಿದವು. ಅಂಥದೇ ಪಟ್ಟಿಯ ಗಾಡಿಯೊಂದು ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ, ಹತ್ತು ಮನೆಗಳ ಕೆಳಗೆ ನಿಂತಿರಬಹುದು.

ಕೊಲ್ಲಿಯ ಬಿಸಿಯಲ್ಲಿ ಕಂಡ ದೋಷ ಜಗತ್ತಿಗೇ ಮುನ್ನೆಚ್ಚರಿಕೆಯಾಗಬಲ್ಲದು. ಹಾಗೆ ಆಗಿಯೂ ಇದೆ. ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳಿಗೆ ಹಾಕಿದ್ದ ಫೈರ್‌ಸ್ಟೋನ್ ಟಯರುಗಳ ಪದರ ಕಿತ್ತು ಬರುವುದು ಸೌದಿ ಅರೇಬಿಯದ ರಸ್ತೆಗಳಲ್ಲಿ ಕಂಡು, 1999ರಲ್ಲಿ ಅಲ್ಲಿಯೂ ನೆರೆಯ ಕೊಲ್ಲಿ ದೇಶಗಳಲ್ಲಿಯೂ ಟಯರು ಬದಲಿಸಲಾಯಿತು. ಅಮೆರಿಕದಲ್ಲಿ 65 ಲಕ್ಷ ಟಯರುಗಳ ರೀಕಾಲ್ ಆದದ್ದು 2000ದ ಆಗಸ್ಟ್‌ನಲ್ಲಿ. ಆ ನಡುವೆ ಅಲ್ಲಿ ಸತ್ತವರು ಅನೇಕರು. ವಿದೇಶದಲ್ಲಿ ಕಂಡ ದೋಷವನ್ನು ಕಂಪನಿಗಳು ತಕ್ಷಣ ತಿಳಿಸಬೇಕು, ದೂರು ಸಾವು ನೋವುಗಳ ಲೆಕ್ಕವನ್ನು ಕಾಲಕಾಲಕ್ಕೆ ಸರ್ಕಾರಕ್ಕೆ ಒಪ್ಪಿಸಬೇಕು ಎಂಬ ಕಾನೂನು ಅದೇ ವರ್ಷದ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಬಂತು. ಆ ಕಾನೂನಿನ ಬೇರು ಇರುವುದು ಈ ಮರುಭೂಮಿಯ ರಸ್ತೆಗಳಲ್ಲಿ. ಆಗ ಟಯರು ಹೇಳಿದ್ದನ್ನು ಇಂದು ನಮ್ಮ ವ್ಯಾನುಗಳ ಕಾಯಿಲು, ಸೆನ್ಸರು, ಅರ್ತ್ ವೈರುಗಳು ಹೇಳುತ್ತಿರಬಹುದು. ಬರೆದಿಟ್ಟುಕೊಳ್ಳುವವರಿಲ್ಲ.

ದೂರು ಕೇಳಲು ಜಾಗ ಇಲ್ಲವೆಂದಲ್ಲ. ಒಮಾನಿನ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2011ರಲ್ಲಿ ಸ್ಥಾಪನೆಯಾಯಿತು. 2014ರ ಗ್ರಾಹಕ ಸಂರಕ್ಷಣಾ ಕಾನೂನು ಸುರಕ್ಷಿತ ವಸ್ತು ಪಡೆಯುವ ಹಕ್ಕನ್ನು ಕೊಟ್ಟಿದೆ, ದೋಷ ಗೊತ್ತಾದ ಮೇಲೆ ಮಾರಾಟಗಾರ ಅದನ್ನು ತಿಳಿಸಿ ಹಿಂದಕ್ಕೆ ಕರೆಯಬೇಕೆಂದಿದೆ. ಆ ಹಕ್ಕು ಇಲ್ಲಿ ದುಡಿಯಲು ಬಂದ ನಮಗೂ ಇದೆ. ವೀಸಾಕ್ಕೆ ತೊಂದರೆಯಾದೀತು, ಕೆಲಸಕ್ಕೆ ಕುತ್ತು ಬಂದೀತು ಎಂಬ ಅಂಜಿಕೆಯಿಂದ ನಮ್ಮವರು ದೂರು ಕೊಡಲು ಹಿಂಜರಿಯುತ್ತಾರೆ. ಗಾಡಿಯ ದೋಷ ತಿಳಿಸುವುದು ಯಾರ ಮೇಲೂ ಜಗಳ ತೆಗೆಯುವುದಲ್ಲ. ಭಾರತದಲ್ಲೂ 2021ರ ಏಪ್ರಿಲ್ 1ರಿಂದ ಕಡ್ಡಾಯ ರೀಕಾಲ್ ನಿಯಮ ಜಾರಿಯಲ್ಲಿದೆ. ಒಂದೇ ಮಾದರಿಯ ಬಗ್ಗೆ ಸಾಕಷ್ಟು ದೂರು ಬಂದರೆ ಸರ್ಕಾರವೇ ರೀಕಾಲಿಗೆ ಆದೇಶಿಸಬಹುದು, ಕಂಪನಿಗೆ ಒಂದು ಕೋಟಿ ರೂಪಾಯಿಯವರೆಗೆ ದಂಡ ಹಾಕಬಹುದು. ಅಲ್ಲಿಯೂ ಎಲ್ಲ ನಿಂತಿರುವುದು ದೂರಿನ ಸಂಖ್ಯೆಯ ಮೇಲೆ.

ಪ್ರಾಧಿಕಾರಕ್ಕೂ ರಾಯಲ್ ಒಮಾನ್ ಪೊಲೀಸರಿಗೂ ನಮ್ಮ ಮನವಿ ಒಂದೇ. ಮುಲ್ಕಿಯಾ ನವೀಕರಿಸುವಾಗ ಚಾಸಿಸ್ ನಂಬರಿನ ಮೇಲೆ ಬಾಕಿ ರೀಕಾಲ್ ಇದ್ದರೆ ಅದು ಮಾಲೀಕನಿಗೆ ಗೊತ್ತಾಗುವ ಹಾಗೆ ಮಾಡಿ, ಅವನಿಗೆ ಅರ್ಥವಾಗುವ ಭಾಷೆಯಲ್ಲಿ. ಸಿಡಿಯಬಲ್ಲ ತಕಾಟಾ ಕಂಪನಿಯ ಏರ್‌ಬ್ಯಾಗಿನ ಅಪಾಯ ಅರಿತ ಜಪಾನ್ 2018ರ ಮೇ ತಿಂಗಳಿಂದ, ರೀಕಾಲ್ ರಿಪೇರಿ ಮಾಡಿಸದ ಗಾಡಿಗಳಿಗೆ ತಪಾಸಣೆಯಲ್ಲಿ ಪಾಸು ಕೊಡುವುದನ್ನೇ ನಿಲ್ಲಿಸಿತು. ಅಷ್ಟು ಕಠಿಣವಾಗಿ ಆರಂಭಿಸಬೇಕಿಲ್ಲ. ತಿಳಿಸಿದರೂ ಸಾಕು, ಅರ್ಧ ಕೆಲಸವಾಗುತ್ತದೆ.

ನಮ್ಮ ಸಂಘಗಳ ಕೆಲಸವೂ ಇದರಲ್ಲಿದೆ. ರಾಜ್ಯೋತ್ಸವ, ಯಕ್ಷಗಾನ, ರಕ್ತದಾನ ಶಿಬಿರಗಳನ್ನು ಇಷ್ಟು ಅಚ್ಚುಕಟ್ಟಾಗಿ ನಡೆಸುವವರು ಮೇ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ವ್ಯಾನು ತಪಾಸಣೆಯ ಶಿಬಿರ ಇಡಬಲ್ಲರು. ನಮ್ಮಲ್ಲೇ ಎಷ್ಟೊಂದು ಎಲೆಕ್ಟ್ರಿಕಲ್ ಇಂಜಿನಿಯರುಗಳು, ಡಿಪ್ಲೊಮಾ ಓದಿದ ಟೆಕ್ನಿಷಿಯನ್ನರು ಇದ್ದಾರೆ. ನಾಲ್ಕು ಮಲ್ಟಿಮೀಟರು, ಒಂದು ಸ್ಕ್ಯಾನರು, ಒಂದು ನೋಟ್‌ಬುಕ್ಕು. ಗಾಡಿಯ ಮಾದರಿ, ವರ್ಷ, ಓಡಿದ ಕಿಲೋಮೀಟರು, ಯಾವ ಹೊತ್ತಿನಲ್ಲಿ ಎಷ್ಟು ಬಿಸಿಯಲ್ಲಿ ಏನಾಯಿತು, ಯಾವ ಕೋಡು ಬಂತು, ಏನು ಬದಲಿಸಿದರು, ಮತ್ತೆ ಬಂತೇ. ಇಷ್ಟನ್ನು ಬರೆದುಕೊಂಡರೆ ಒಂದೇ ಮಾದರಿಯ ಐದು ಗಾಡಿಗಳಲ್ಲಿ ಒಂದೇ ದೋಷವಿರುವುದು ಒಂದು ವರ್ಷದಲ್ಲಿ ಕಣ್ಣಿಗೆ ಬೀಳುತ್ತದೆ. ಆ ಹಾಳೆಗಳನ್ನು ಒಟ್ಟಿಗೆ ಪ್ರಾಧಿಕಾರಕ್ಕೆ ಒಯ್ದರೆ ತಳ್ಳಿಹಾಕುವುದು ಸುಲಭವಲ್ಲ.

ಮನೆಯವರು ಇಂದಿನಿಂದಲೇ ಮಾಡಬಹುದಾದದ್ದು ಇಷ್ಟು. ಚಾವಿಗೊಂಚಲಿನಿಂದ ಮನೆ, ಆಫೀಸು, ಬೀರುವಿನ ಚಾವಿಗಳನ್ನೆಲ್ಲ ಬಿಡಿಸಿ ಗಾಡಿಯ ಚಾವಿಯನ್ನು ಒಂಟಿಯಾಗಿಡಿ. ಗ್ಯಾರೇಜಿನಲ್ಲಿ ಕೋಡನ್ನು ಅಳಿಸುವ ಮುನ್ನ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಬದಲಿಸಿದ ಹಳೆಯ ಪಾರ್ಟನ್ನು ಕೇಳಿ ತನ್ನಿ, ಬಿಲ್ಲು ಬಿಡಬೇಡಿ. ದಾರಿಯಲ್ಲಿ ಗಾಡಿ ನಿಂತರೆ 9999ಕ್ಕೆ ಫೋನು ಮಾಡಿ. ಎಲ್ಲರನ್ನೂ ರಸ್ತೆಯಿಂದ ದೂರ ಇಳಿಸಿ ಗಾಡಿಯ ನೆರಳಿನ ಬದಿಯಲ್ಲಿ ಕೂರಿಸಿ, ಸಹಾಯ ಹುಡುಕಿಕೊಂಡು ಮರುಭೂಮಿಯಲ್ಲಿ ನಡೆಯಬೇಡಿ. ತಲೆಗೆ ಕನಿಷ್ಠ ಐದು ಲೀಟರ್ ನೀರು ಗಾಡಿಯಲ್ಲಿರಲಿ.

ಮತ್ತೆ ಮತ್ತೆ ನಿಂತ, ಕಾರಣ ಸಿಗದ ವ್ಯಾನು ನಿಮ್ಮದಾಗಿದ್ದರೆ ಈ ಖರೀಫ್‌ಗೆ ಅದನ್ನು ಮನೆಯಲ್ಲೇ ಬಿಡಿ. ಮಸ್ಕತ್ತಿನಿಂದ ಸಲಾಲಾಕ್ಕೆ ಮ್ವಸಲಾತ್ ಬಸ್ಸು ಇದೆ, ದಿನವೂ ವಿಮಾನವಿದೆ, ಅಲ್ಲಿ ಇಳಿದ ಮೇಲೆ ಬಾಡಿಗೆ ಕಾರು ಸಿಗುತ್ತದೆ. ಆ ದಿನಗಳಲ್ಲಿ ವ್ಯಾನನ್ನು ಗ್ಯಾರೇಜಿನಲ್ಲಿ ನಿಲ್ಲಿಸಿ, ಪರೀಕ್ಷೆಯ ಕೂಲಿಯನ್ನು ಮೊದಲೇ ಮಾತಾಡಿ, ಅರ್ತ್‌ನಿಂದ ಹಿಡಿದು ಬಾಗಿಲಿನ ತಂತಿಯವರೆಗೆ ಒಂದೊಂದನ್ನೂ ಅಳೆಯಲು ಹೇಳಿ ಹೋಗಿ.